ರಕ್ತ ಸರಿ ಇದೆಯಂತೆ

ಫೆಬ್ರವರಿ 6

ಸ್ಕ್ಯಾನ್ ವಿಭಾಗದ ಮುಖ್ಯಸ್ಥರಿಗೆ,

ನಮಸ್ಕಾರ ಎಂದು ಬರೆಯುವುದು ರೂಢಿ. ಬರೆದಾಯಿತು, ಮುಂದಕ್ಕೆ ಹೋಗೋಣ.

ಮೂರು ವರ್ಷದ ಮೇಲೆ ನಿಮಗೆ ಕಾಗದ ಬರೆಯುತ್ತಿರುವುದು ಪ್ರೀತಿ ಉಕ್ಕಿ ಅಲ್ಲ. ನಿಮ್ಮ ಫೋನ್ ನಂಬರನ್ನು ಅಕ್ಕ ತೀರಿಕೊಂಡ ವಾರವೇ ಬ್ಲಾಕ್ ಮಾಡಿದ್ದೆ. ಅದನ್ನು ಬಿಡಿಸುವ ಮನಸ್ಸು ಈಗಲೂ ಇಲ್ಲ. ನಿಮ್ಮ ಆಸ್ಪತ್ರೆಯಿಂದ ನಮ್ಮ ಲ್ಯಾಬಿಗೆ ವಾರಕ್ಕೆರಡು ಸಲ ರಕ್ತದ ಪೆಟ್ಟಿಗೆ ಬರುತ್ತದಲ್ಲ, ಅದು ಖಾಲಿಯಾಗಿ ವಾಪಸ್ ಹೋಗುವಾಗ ಈ ಕಾಗದ ಅದರೊಳಗಿರುತ್ತದೆ. ಐಸಿಗೆ ತಾಗಿ ತಣ್ಣಗಿರಬಹುದು. ನಮ್ಮ ಸಂಬಂಧಕ್ಕೆ ಅಷ್ಟು ತಂಪು ಸರಿಯೇ.

ವಿಷಯ ಅಮ್ಮನದು. ಎರಡು ತಿಂಗಳಿಗೊಮ್ಮೆ ಅವಳು ನಿಮ್ಮ ಮನೆಗೆ ಬಂದು, ಯಾರೂ ತುಳಿಯದ ಅಕ್ಕನ ಹೊಲಿಗೆ ಯಂತ್ರಕ್ಕೆ ಎಣ್ಣೆ ಹಾಕಿ ಹೋಗುತ್ತಾಳೆ. ಬೇಡ ಅಂದರೆ ಕೇಳುವುದಿಲ್ಲ. ಹೋದ ಸಲ ಬಂದಾಗ ಕೆಮ್ಮುತ್ತಿದ್ದಳೆಂದು ನೀವು ಅವಳ ಎದೆಯ ಸ್ಕ್ಯಾನ್ ಮಾಡಿಸಿದ್ದೀರಿ. ನನಗೊಂದು ಮಾತು ತಿಳಿಸಿಲ್ಲ. ಊರಿಗೆ ಬಂದವಳು, "ನಿನ್ ಭಾವ ಚಿತ್ರ ನೋಡಿ ಏನೂ ಇಲ್ಲ ಅಂದ್ರು ಕಣೋ, ಧೂಳಿನ ಕೆಮ್ಮಂತೆ," ಅಂದಳು. ವರದಿ ಎಲ್ಲಿ ಎಂದರೆ ಇಲ್ಲ.

ನಿಮ್ಮ ಬಾಯಿಮಾತಿನ ಬೆಲೆ ನನಗೆ ಗೊತ್ತಿದೆ. ನನ್ನ ಅಕ್ಕ, ಅಂದರೆ ನಿಮ್ಮ ಹೆಂಡತಿ, ಅವಳ ಶ್ವಾಸಕೋಶದ ಚುಕ್ಕೆಯನ್ನೂ ನೀವು ಹಳೆಯ ಗಾಯದ ಕಲೆ, ಆರು ತಿಂಗಳು ಬಿಟ್ಟು ನೋಡೋಣ ಅಂದಿರಿ. ಆರು ತಿಂಗಳು ಬಿಟ್ಟು ನೋಡಿದಾಗ ಕ್ಯಾನ್ಸರ್ ಎರಡೂ ಕಡೆ ಹಬ್ಬಿತ್ತು. ಅವಳು ಜೀವಮಾನದಲ್ಲಿ ಒಂದು ಬೀಡಿ ಸೇದಿದವಳಲ್ಲ.

ಅಮ್ಮನ ರಕ್ತವನ್ನು ನಾನೇ ತೆಗೆದು, ಕ್ಯಾನ್ಸರಿನ ಸುಳಿವು ಕೊಡುವ ಪರೀಕ್ಷೆ ಮಾಡಿದ್ದೇನೆ. ಅಂಕಿ ನನ್ನ ಹತ್ತಿರ ಇದೆ. ನೀವು ಏನೂ ಇಲ್ಲ ಎಂದಿದ್ದನ್ನು ಸಹಿ ಹಾಕಿ ಬರೆದು ಕಳುಹಿಸಿ. ಆಮೇಲೆ ಮಾತು.

— ರಕ್ತ ಪರೀಕ್ಷಾ ಪ್ರಯೋಗಾಲಯದ ಮುಖ್ಯಸ್ಥ


ಫೆಬ್ರವರಿ 10

ಪ್ರಯೋಗಾಲಯದ ಮುಖ್ಯಸ್ಥರಿಗೆ,

ತಮ್ಮ ಕಾಗದ ಕೈ ಸೇರಿತು. ಅಕ್ಷರ ಮಾತ್ರ ಮೊದಲಿನಷ್ಟೇ ಚೆನ್ನಾಗಿದೆ.

ಏನೂ ಇಲ್ಲ ಎಂದು ನಾನು ಅತ್ತೆಗೆ ಹೇಳಿಲ್ಲ. ನಾನು ಹೇಳಿದ್ದು, "ಇನ್ನೊಂದ್ಸಲ ನೋಡ್ಬೇಕು ಅತ್ತೆ, ಇಲ್ಲೇ ನಾಲ್ಕು ದಿನ ಇರಿ" ಎಂದು. ಬೆಳಿಗ್ಗೆ ನೋಡಿದರೆ ಚೀಲ ಕಟ್ಟಿಕೊಂಡು ಬಸ್ಸಿಗೆ ನಿಂತಿದ್ದರು. ಹೋದ ವಾರ ಅವರೇ ಫೋನ್ ಮಾಡಿ, "ನನ್ ಮಗ ರಕ್ತ ನೋಡಿದ, ಎಲ್ಲಾ ಸರಿ ಇದೆಯಂತೆ, ನೀವು ತಲೆ ಕೆಡಿಸ್ಕೋಬೇಡಿ" ಎಂದರು. ಅಲ್ಲಿಗೆ ತಾವು ತಾಯಿಗೆ ಎಲ್ಲ ಸರಿ ಎಂದು ಹೇಳಿ, ಈಗ ನನ್ನಿಂದ ಬರಹದಲ್ಲಿ ಏನೂ ಇಲ್ಲ ಎಂದು ಪಡೆಯಲು ಹೊಂಚು ಹಾಕಿದ್ದೀರಿ. ನಾಳೆ ಏನಾದರೂ ಆದರೆ ಆ ಕಾಗದವನ್ನು ನೆಂಟರ ಮುಂದೆಲ್ಲ ಹಿಡಿದು ತಿರುಗಬಹುದು. ತಮ್ಮ ಈ ವಿದ್ಯೆಯನ್ನು ನಾನು ಮೂರು ವರ್ಷದ ಹಿಂದೆಯೇ ಕಂಡಿದ್ದೇನೆ.

ಅತ್ತೆಯ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಚುಕ್ಕೆ ಇದೆ, ಅವರೆಕಾಳಿಗಿಂತ ಸಣ್ಣದು. ಅಂಥ ಚುಕ್ಕೆಗಳನ್ನು ನಾನು ದಿನಕ್ಕೆ ಹತ್ತು ನೋಡುತ್ತೇನೆ. ಬಹುಪಾಲು ಹಳೆಯ ಸೋಂಕಿನ ಕಲೆ. ತುಂಡು ತೆಗೆಯಲೆಂದು ಸುಮ್ಮನೆ ಸೂಜಿ ಚುಚ್ಚಿದರೆ ಎಪ್ಪತ್ತೊಂದರ ವಯಸ್ಸಿಗೆ ಶ್ವಾಸಕೋಶ ಕುಸಿಯಬಹುದು. ಚಿತ್ರವೊಂದನ್ನೇ ನೋಡಿ ಹೇಳಲಾಗದ್ದನ್ನು ರಕ್ತ ಜೊತೆಗಿದ್ದರೆ ಹೇಳಬಹುದು. ಆದ್ದರಿಂದ ಅಂಕಿ ಕಳುಹಿಸಿ. ಅಂಕಿ ಬರುವವರೆಗೆ ನಾನು ವರದಿ ಬರೆಯುವುದಿಲ್ಲ.

— ಸ್ಕ್ಯಾನ್ ವಿಭಾಗ


ಫೆಬ್ರವರಿ 13

ಸ್ಕ್ಯಾನ್ ವಿಭಾಗಕ್ಕೆ,

ಎಲ್ಲ ಸರಿ ಎಂದು ನಾನು ಅಮ್ಮನಿಗೆ ಹೇಳಿಲ್ಲ. ಹೇಳಿದ್ದೇನೆಂದು ನೀವು ಬರೆಯುವುದಾದರೆ ಅದು ಹಸಿ ಸುಳ್ಳು. ಅಮ್ಮನ ಬಾಯಿಗೆ ನನ್ನ ಮಾತು ತುರುಕಿ ನನ್ನನ್ನೇ ಸಿಕ್ಕಿಸಲು ನೋಡುತ್ತಿದ್ದೀರಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

ಅಂಕಿ ಯಾಕೆ ಬೇಕು ನಿಮಗೆ? ಕಡಿಮೆ ಇದ್ದರೆ ಕಲೆ ಎಂದು ಬರೆಯುವುದು, ಹೆಚ್ಚಿದ್ದರೆ ಕ್ಯಾನ್ಸರ್ ಎಂದು ಬರೆಯುವುದು, ತಪ್ಪಾದರೆ ಲ್ಯಾಬಿನವನನ್ನು ತೋರಿಸುವುದು. ಅಕ್ಕ ಹೋದ ದಿನ ಮನೆಯ ಗೇಟಿನ ಹತ್ತಿರ ನಿಂತು ನಿಮ್ಮ ದೊಡ್ಡಪ್ಪನಿಗೆ ಏನು ಹೇಳಿದಿರಿ? "ರಕ್ತ ಸರಿ ಇದೆ ಅಂದಿದ್ರು, ಅದಕ್ಕೇ ಬಿಟ್ವಿ." ನಾನು ಚಪ್ಪಲಿ ಹುಡುಕುತ್ತಾ ಕಂಬದ ಆಚೆ ಇದ್ದೆ. ಆ ಮಾತು ಈಗಲೂ ಕಿವಿಯಲ್ಲಿದೆ.

ರಕ್ತದ ಅಂಕಿ ಏರಲು ನೂರು ಕಾರಣ. ನೆಗಡಿ, ಕೀಲುನೋವು, ಹಳೆಯ ಕೆಮ್ಮು, ಯಾವುದಕ್ಕೂ ಏರಬಹುದು. ನಿಮ್ಮ ಚುಕ್ಕೆ ಹೇಗಿದೆಯೆಂದು ಗೊತ್ತಾಗದೆ ನಾನು ಅಂಕಿಗೆ ಅರ್ಥ ಬರೆಯಲಾರೆ. ಮೊದಲು ನೀವು.

ಅಮ್ಮ ಬಚ್ಚಲಿನಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಕೆಮ್ಮುತ್ತಾಳೆ. ನನಗೆ ಕೇಳಬಾರದಂತೆ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರವರ ಮಾತನ್ನೆಲ್ಲ ಕೇಳಿಸಿಕೊಂಡವಳಿಗೆ, ಮಗನಿಗೂ ಕಿವಿ ಇದೆ ಅನ್ನುವುದು ಹೊಳೆದಿಲ್ಲ.

— ಪ್ರಯೋಗಾಲಯ


ಫೆಬ್ರವರಿ 27

ಪ್ರಯೋಗಾಲಯಕ್ಕೆ,

ಎರಡು ವಾರ ಉತ್ತರಿಸಲಿಲ್ಲ. ಕೋಪವಿತ್ತು, ಅದನ್ನು ಮುಚ್ಚಿಡುವುದಿಲ್ಲ. ನಾಲ್ಕು ಪೆಟ್ಟಿಗೆ ನನ್ನ ಕಾಗದವಿಲ್ಲದೆ ಹೋದವು, ನಿನ್ನ ಕಾಗದವಿಲ್ಲದೆ ಬಂದವು.

ಇನ್ನು ತಾವು ಗೀವು ಎಲ್ಲ ಸಾಕು. ನೀನು ಎಂದೇ ಬರೆಯುತ್ತೇನೆ. ಬೈಯಲು ಅದೇ ಅನುಕೂಲ.

ನನಗೊಂದು ಅಭ್ಯಾಸ ಇರುವುದು ನಿನಗೆ ಗೊತ್ತು. ಊಟಕ್ಕೆ ಕೂತಾಗ ನೀನು ಎಷ್ಟೋ ಸಲ ಆಡಿಕೊಂಡು ನಕ್ಕಿದ್ದೀಯ. ಪ್ರತಿ ಚಿತ್ರಕ್ಕೂ ಮೊದಲು ನೋಟ್ ಪುಸ್ತಕದಲ್ಲಿ ಪೆನ್ಸಿಲಿನಿಂದ ಅನಿಸಿದ್ದನ್ನು ಬರೆಯುತ್ತೇನೆ, ಟೈಪ್ ಮಾಡಿಸುವುದು ಆಮೇಲೆ. ಪುಸ್ತಕಗಳನ್ನು ಎಸೆದಿಲ್ಲ. ಗೇಟಿನ ಬಳಿ ನಾನು ಹೇಳಿದ್ದು ಸುಳ್ಳಲ್ಲ ಎಂದು ನಿನ್ನ ಮುಖಕ್ಕೆ ಹಿಡಿಯಲು ಆ ವರ್ಷದ ಪುಸ್ತಕ ಹುಡುಕಿದೆ. ಬೀರುವಿನ ತಳದಲ್ಲಿ, ಅವಳ ಬಟ್ಟೆಯ ತುಂಡುಗಳ ಗಂಟಿನ ಅಡಿಯಲ್ಲಿತ್ತು.

ಏಪ್ರಿಲ್ 11ರ ಪುಟ, ಅವಳ ಸ್ಕ್ಯಾನಿನದು. ಮೊದಲ ಸಾಲು: "ಅಂಚು ಮುಳ್ಳು ಮುಳ್ಳಾಗಿದೆ. ಅನುಮಾನ. ತುಂಡು ತೆಗೆದು ನೋಡಬೇಕು." ಆ ಸಾಲಿನ ಮೇಲೆ ಅಡ್ಡಗೆರೆ ಎಳೆದಿದ್ದೇನೆ. ಕೆಳಗೆ: "ರಕ್ತ ಸರಿ ಇದೆಯಂತೆ. ಹಳೆಯ ಕಲೆ. ಆರು ತಿಂಗಳು."

ಎರಡೂ ನನ್ನ ಕೈಬರಹವೇ. ಅವತ್ತು ಸಂಜೆ ಅವಳು ಆಸ್ಪತ್ರೆಗೇ ಬಂದು, ನನ್ನ ಕುರ್ಚಿಯ ಹಿಂದೆ ನಿಂತು, "ತಮ್ಮ ಫೋನ್ ಮಾಡಿದ್ದ ರೀ, ರಕ್ತ ಸರಿ ಇದೆಯಂತೆ" ಅಂದಳು. ನನ್ನ ಹೆಂಡತಿ ಎಂಬ ಕಾರಣಕ್ಕೇ ನನ್ನ ಕಣ್ಣಿನ ಮೇಲೆ ನನಗೆ ಅನುಮಾನವಿತ್ತು, ಇಲ್ಲದ್ದನ್ನೂ ಕಂಡು ಹೆದರುತ್ತಿದ್ದೇನೋ ಎಂದು. ನಿನ್ನ ಮಾತು ಬಂತೆಂದು ಕೇಳಿದಾಗ ಸಮಾಧಾನವಾಯಿತು. ಗೆರೆ ಎಳೆದೆ.

ಹೌದು, ನಾನು ನಿನ್ನನ್ನು ನಂಬಿದೆ. ನಿನ್ನಂಥವನನ್ನು ನಂಬಿ ಕಣ್ಣೆದುರಿಗಿದ್ದದ್ದನ್ನು ಅಳಿಸಿದೆ. ಏಪ್ರಿಲ್ 11ಕ್ಕೆ ನೀನು ಸರಿ ಎಂದು ಹೇಳದೆ ಇದ್ದಿದ್ದರೆ ಅವಳು ಇವತ್ತು ಆ ಯಂತ್ರದ ಮುಂದೆ ಕೂತಿರುತ್ತಿದ್ದಳು. ಇದಕ್ಕೆ ಏನು ಹೇಳುತ್ತೀಯ ಹೇಳು.

— ನಿನ್ನ ಅಕ್ಕನ ಗಂಡ


ಮಾರ್ಚ್ 3

ಅಕ್ಕನ ಗಂಡನಿಗೆ,

ಹೇಳುತ್ತೇನೆ, ಕೇಳಿ. ನಿಮ್ಮ ಕಾಗದ ಓದಿ ಮೊದಲು ಹರಿದು ಹಾಕಬೇಕೆನಿಸಿತು. ಆಮೇಲೆ ನಾನೂ ನಮ್ಮ ರಿಜಿಸ್ಟರ್ ತೆಗೆಸಿದೆ.

ಏಪ್ರಿಲ್ 11ರಂದು ಅಕ್ಕನ ರಕ್ತ ನಮ್ಮ ಲ್ಯಾಬಿಗೆ ಬಂದೇ ಇರಲಿಲ್ಲ. ನಿಮ್ಮ ಆಸ್ಪತ್ರೆಯ ಪೆಟ್ಟಿಗೆಯಲ್ಲಿ ಅದು ಬಂದದ್ದು 12ಕ್ಕೆ. ಯಂತ್ರ ರಿಪೇರಿಯಲ್ಲಿತ್ತು. ಪರೀಕ್ಷೆ ಆದದ್ದು 14ಕ್ಕೆ. 11ರಂದು ಅವಳಿಗೆ ಸರಿ ಎಂದು ಹೇಳಲು ನನ್ನ ಬಳಿ ಏನೂ ಇರಲಿಲ್ಲ. ನಾನು ಅವತ್ತು ಅವಳಿಗೆ ಫೋನನ್ನೂ ಮಾಡಿರಲಿಲ್ಲ.

13ರಂದು ಅವಳೇ ಮಾಡಿದ್ದಳು. "ನಿನ್ ಭಾವ ಸ್ಕ್ಯಾನ್ ನೋಡಿ ಹಳೇ ಕಲೆ ಅಂತ ಬರೆದಾಯ್ತು ಕಣೋ. ನೀನು ಸುಮ್ನೆ ಗಾಬರಿ ಆಗ್ಬೇಡ." 14ಕ್ಕೆ ಅಂಕಿ ಬಂತು. ಮಿತಿಯ ಗೆರೆ ದಾಟಿತ್ತು, ಸ್ವಲ್ಪವೇ. ಗೆರೆ ದಾಟಿದ ಯಾವ ರಕ್ತವನ್ನೂ ನಾನು ಎರಡನೇ ಸಲ ನೋಡದೆ ಬಿಡುವುದಿಲ್ಲ. ಅವತ್ತು ಬಿಟ್ಟೆ. ನೀವು ಇಪ್ಪತ್ತು ವರ್ಷ ಚಿತ್ರ ನೋಡಿದವರು, ಕಲೆ ಎಂದರೆ ಕಲೆಯೇ ಇರಬೇಕು ಎಂದುಕೊಂಡೆ. ಊಟದ ಹೊತ್ತಿಗೆಲ್ಲ ನಿಮ್ಮ ಜೊತೆ ರಕ್ತ ಮೇಲೋ ಚಿತ್ರ ಮೇಲೋ ಎಂದು ಕಿತ್ತಾಡುತ್ತಿದ್ದವನು ಒಳಗೊಳಗೆ ನಿಮ್ಮನ್ನು ಅಷ್ಟು ನಂಬಿದ್ದೆ ಎಂದು ಬರೆಯಲು ಈಗಲೂ ಮೈ ಉರಿಯುತ್ತದೆ.

ಅಂದರೆ ನೀವು ನಾನು ಆಡದ ಮಾತಿಗೆ ಒರಗಿದಿರಿ, ನಾನು ನಿಮ್ಮ ಮಾತಿಗೆ ಒರಗಿದೆ. ಕೆಳಗೆ ನೆಲವೇ ಇರಲಿಲ್ಲ.

ಈ ಕಾಗದ ಇಲ್ಲಿಗೆ ನಿಲ್ಲಿಸಿ ಅಮ್ಮನನ್ನು ಕೂರಿಸಿ ಕೇಳಿದೆ. ಭಾವ ಏನೂ ಇಲ್ಲ ಅಂದರು ಎಂದು ನೀನು ನನಗೆ ಹೇಳಿದೆ, ಮಗ ಸರಿ ಅಂದ ಎಂದು ಅವರಿಗೆ ಹೇಳಿದೆ, ಇಬ್ಬರೂ ಅನ್ನದ ಮಾತು ಎಲ್ಲಿಂದ ಬಂತು ಎಂದೆ. ಮೊದಲು ಟೀವಿ ಜೋರು ಮಾಡಿದಳು. ನಾನು ಆರಿಸಿದೆ. ಆಮೇಲೆ ಅಂದಳು:

"ನಿಮ್ಮಿಬ್ರಿಗೆ ಸುಮ್ನಿರಿ ಅಂದ್ರೆ ಇರ್ತೀರೇನೋ? ಒಬ್ಬನ ಹತ್ರ ಇನ್ನೊಬ್ಬ ಸರಿ ಅಂದ ಅಂತ ಹೇಳ್ಬಿಟ್ರೆ ಇಬ್ರೂ ಸುಮ್ನಾಗ್ತಾರೆ. ನಿಮ್ಮಕ್ಕನೇ ಹೇಳಿಕೊಟ್ಟಿದ್ದು. ಇಲ್ದಿದ್ರೆ ಊಟದ ತಟ್ಟೆ ಮುಂದೆ ನನ್ನ ಎದೆ ಇಟ್ಕೊಂಡು ಜಗಳ ಆಡ್ತಾರಮ್ಮ, ಸೂಜಿ ಬೇರೆ ಚುಚ್ತಾರೆ ಅಂತಿದ್ಲು. ಪಾಪ, ಸೂಜಿ ಅಂದ್ರೆ ಅವಳಿಗೆ ಚಿಕ್ಕಂದಿನಿಂದ ಹೆದರಿಕೆ."

ಹೇಳುತ್ತಾ ಹೇಳುತ್ತಾ ಅವಳಿಗೇ ತಾನು ಏನು ಹೇಳಿದೆ ಎಂದು ತಿಳಿಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅವಳು ಅತ್ತಳೋ ಕೆಮ್ಮಿದಳೋ ಗೊತ್ತಾಗಲಿಲ್ಲ. ಈ ಸಲ ನಲ್ಲಿ ಬಿಡಲಿಲ್ಲ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತಾರೆ. ನಮ್ಮಿಬ್ಬರ ಜಗಳದಲ್ಲಿ ಅಕ್ಕ ಹೋದಳು.

ಒಳಗೆ ಇನ್ನೊಂದು ಸಣ್ಣ ಲಕೋಟೆ ಇದೆ, ಅಂಟು ಹಾಕಿದ್ದೇನೆ. ಅಮ್ಮನ ಅಂಕಿ ಅದರಲ್ಲಿದೆ, ಎರಡು ಸಲ ಪರೀಕ್ಷಿಸಿದ್ದು. ನಿಮ್ಮ ವರದಿ ಬರೆದು ಸಹಿ ಹಾಕಿದ ಮೇಲೆ ಅದನ್ನು ಒಡೆಯಿರಿ. ನಿಮ್ಮನ್ನು ನಾನು ನಂಬುವುದಿಲ್ಲ. ನಿಮ್ಮ ಪೆನ್ಸಿಲನ್ನು ನಂಬುತ್ತೇನೆ.

— ಬಾಮೈದ


ಮಾರ್ಚ್ 6

ಬಾಮೈದ,

ವರದಿ ಇದರ ಜೊತೆಗಿದೆ. ನಿನ್ನ ಲಕೋಟೆ ಒಡೆಯುವ ಮೊದಲೇ ಬರೆದದ್ದು. ನನ್ನ ಮೇಲೆ ನಂಬಿಕೆ ಇಲ್ಲವಲ್ಲ, ಅದಕ್ಕೆ ನಮ್ಮ ಹಿರಿಯ ನರ್ಸಮ್ಮನನ್ನು ಎದುರಿಗೆ ಕೂರಿಸಿಕೊಂಡು ಬರೆದೆ. ಅವರೂ ಸಹಿ ಹಾಕಿದ್ದಾರೆ. ನಮ್ಮ ತಲೆ ಕೆಟ್ಟಿದೆ ಎಂದು ಅವರಿಗೆ ಅನಿಸಿರಬೇಕು.

ಪೆನ್ಸಿಲಿನಲ್ಲಿ ಬರೆದದ್ದು: "ಒಂಬತ್ತು ಮಿಲಿಮೀಟರ್. ಸುತ್ತ ಮಂಜಿನಂತೆ ಮಸುಕು, ನಡುವೆ ಗಟ್ಟಿ ಚುಕ್ಕೆ. ಅನುಮಾನ ಅರ್ಧಕ್ಕರ್ಧ." ಗೆರೆ ಎಳೆದಿಲ್ಲ. ಆಮೇಲೆ ಲಕೋಟೆ ಒಡೆದೆ. ಮಿತಿಯ ಗೆರೆ ಐದು, ಅತ್ತೆಯದು ಹನ್ನೊಂದು, ಎರಡು ಸಲವೂ.

ಚಿತ್ರ ಒಂದೇ ಇದ್ದಿದ್ದರೆ ಮೂರು ತಿಂಗಳು ಕಾಯೋಣ ಅನ್ನುತ್ತಿದ್ದೆ. ಅಂಕಿ ಒಂದೇ ಇದ್ದಿದ್ದರೆ ನೀನು ಹಳೆಯ ಕೆಮ್ಮು ಅನ್ನುತ್ತಿದ್ದೆ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟರೆ ಕಾಯುವ ಮಾತೇ ಇಲ್ಲ. ಸೋಮವಾರ ಕರೆದುಕೊಂಡು ಬಾ. ಸೂಜಿ ಹಾಕಿ ತುಂಡು ತೆಗೆಯುವುದು ನಾನಲ್ಲ, ನನಗಿಂತ ಕೈ ಗಟ್ಟಿ ಇರುವವರು. ನಿನ್ನ ಸಾಮಾನು ಹೊರಗಿನ ಲಾಡ್ಜಿನಲ್ಲಿ ಇಟ್ಟುಕೋ. ನನ್ನ ಮನೆಗೆ ಕರೆಯುತ್ತಿಲ್ಲ.

ಇನ್ನು ಅವಳ ವಿಷಯ. ಮೂರು ದಿನದಿಂದ ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡುತ್ತಿದ್ದೇನೆ. ಆಗುತ್ತಿಲ್ಲ. ನೀನು ನೀರು ಕೇಳಿದರೆ ನಾನು ಯಾವ ನೀರು ಅನ್ನುತ್ತಿದ್ದೆ, ನಾನು ಉಪ್ಪು ಕೇಳಿದರೆ ನೀನು ರಕ್ತದೊತ್ತಡದ ಪಾಠ ಹೇಳುತ್ತಿದ್ದೆ. ಅವಳು ನಡುವೆ ಕೂತು ಬಡಿಸುತ್ತಿದ್ದಳು. ನಮ್ಮಿಬ್ಬರನ್ನೂ ಸುಮ್ಮನಾಗಿಸಲು ಅವಳಿಗೆ ಒಂದೇ ಒಂದು ದಾರಿ ಗೊತ್ತಿತ್ತು. ಒಂದು ಫೋನ್ ಮಾಡಿ ನಿನ್ನನ್ನು ಕೇಳಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಕೇಳಲಿಲ್ಲ. ನಿನ್ನ ಹತ್ತಿರ ಕೇಳಿ ತಿಳಿದುಕೊಳ್ಳುವುದು ನನಗೆ ಅವಮಾನವಾಗಿತ್ತು. ಇದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ.

ನೀನು ಕೇಳಲಿಲ್ಲ ಅನ್ನುವುದನ್ನೂ ನಾನು ಮರೆತಿಲ್ಲ.

— ಭಾವ


ಮಾರ್ಚ್ 29

ಭಾವನವರಿಗೆ,

ಆಸ್ಪತ್ರೆಯಲ್ಲಿ ಹನ್ನೆರಡು ದಿನ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದೆವು, ನೀವೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಬರೆಯುವುದೇ ನಮಗೆ ಒಳ್ಳೆಯದು, ಎದುರಿಗಿದ್ದರೆ ನಿಮ್ಮ ಮುಖ ನೋಡಬೇಕಾಗುತ್ತದೆ.

ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಶ್ವಾಸಕೋಶದ ಭಾಗದ ಕೊನೆಯ ವರದಿ ಬಂತು. ಕ್ಯಾನ್ಸರೇ. ಮೊದಲ ಹಂತ. ಗ್ರಂಥಿಗಳಿಗೆ ಹರಡಿಲ್ಲ, ಕತ್ತರಿಸಿದ ಅಂಚುಗಳಲ್ಲೂ ಏನೂ ಉಳಿದಿಲ್ಲ. ಶಸ್ತ್ರಚಿಕಿತ್ಸೆ ಮಾಡಿದವರು, "ಇಷ್ಟು ಬೇಗ ಹೇಗ್ ಸಿಕ್ತು ನಿಮ್ಗೆ?" ಎಂದು ಕೇಳಿದರು. ಜಗಳದಿಂದ ಎಂದು ಹೇಳಲು ಬಾಯಿ ಬರಲಿಲ್ಲ. ಆದರೆ ನಿಜ ಅದೇ. ನಾನು ನಿಮ್ಮನ್ನು ಮೊದಲಿನಂತೆ ನಂಬಿದ್ದಿದ್ದರೆ, ಭಾವ ಏನೂ ಇಲ್ಲ ಅಂದರು ಎಂದು ಅಮ್ಮ ಹೇಳಿದ ಕೂಡಲೇ ಅಂಕಿಯನ್ನು ಡ್ರಾಯರಿಗೆ ಹಾಕುತ್ತಿದ್ದೆ. ತಾ ಕಳ್ಳ ಪರರ ನಂಬ ಎಂದು ನೀವು ಬೈದುಕೊಳ್ಳಿ ಬೇಕಾದರೆ. ನಂಬದೆ ಇದ್ದದ್ದಕ್ಕೆ ಅಮ್ಮ ಉಳಿದಳು.

ಅವಳು ನಿನ್ನೆ ನಾಲ್ಕು ಹೆಜ್ಜೆ ಜಾಸ್ತಿ ನಡೆದಳು. ಕೂತ ಮೇಲೆ ಅಂದಳು, "ನೀವಿಬ್ರೂ ಒಂದೇ ಮಾತು ಹೇಳಿದ್ದು ಹುಟ್ಟಿದಾಗ್ಲಿಂದ ಇದೇ ಮೊದ್ಲು. ಅವಾಗ್ಲೇ ನಂಗೆ ಎದೆ ಧಸಕ್ ಅಂತು, ಇದೇನೋ ದೊಡ್ಡದೇ ಇರ್ಬೇಕು ಅಂತ." ನಗಬೇಕೆನಿಸಿದರೆ ನಗಿ. ನನಗೆ ಆಗಲಿಲ್ಲ.

ಧನ್ಯವಾದ ಎಂದು ಬರೆಯುವುದಿಲ್ಲ. ಅಮ್ಮನನ್ನು ಉಳಿಸಿದ್ದಕ್ಕೆ ಧನ್ಯವಾದ ಎಂದರೆ ಅಕ್ಕನದ್ದನ್ನು ಮನ್ನಿಸಿದೆ ಎಂದಾಗುತ್ತದೆ. ಅದು ನನ್ನಿಂದ ಆಗದು. ನನ್ನನ್ನು ನೀವೂ ಮನ್ನಿಸಬೇಡಿ.

— ಬಾಮೈದ


ಏಪ್ರಿಲ್ 11

ಬಾಮೈದ,

ಮನ್ನಿಸಿಲ್ಲ. ನಿಶ್ಚಿಂತೆಯಿಂದಿರು.

ಮೂರು ತಿಂಗಳಿಗೊಮ್ಮೆ ಅತ್ತೆಯ ರಕ್ತ ನೀನು ನೋಡು, ಚಿತ್ರ ನಾನು ನೋಡುತ್ತೇನೆ. ಅಲ್ಲಿಯವರೆಗೆ ಒಬ್ಬರನ್ನೊಬ್ಬರು ಏನೂ ಕೇಳುವುದು ಬೇಡ. ಇಬ್ಬರೂ ಬರೆದು, ಅಂಟಿಸಿ, ಒಂದೇ ದಿನ ಪೆಟ್ಟಿಗೆಗೆ ಹಾಕೋಣ. ಅತ್ತೆ ನಡುವೆ ಏನು ಹೇಳಿದರೂ ಹೂಂ ಅನ್ನು, ನಂಬಬೇಡ.

ಇಲ್ಲಿ ನಮ್ಮ ವಿಭಾಗದಲ್ಲೂ ಈಗ ಹಾಗೇ ಮಾಡಿದ್ದೇನೆ. ಎದೆಯ ಚುಕ್ಕೆ ಇರುವವರ ರಕ್ತವನ್ನೂ ಚಿತ್ರವನ್ನೂ ಬೇರೆ ಬೇರೆ ಬರೆಸಿ, ಆಮೇಲೆ ಒಟ್ಟಿಗೆ ಕೂತು ನೋಡುವುದು. ಹೊಸಬರು ಇದು ಯಾವ ಪುಸ್ತಕದಿಂದ ಎಂದು ಕೇಳಿದರು. ಮನೆಯಿಂದ ಎಂದೆ.

ಒಂದು ಕೆಲಸವಿದೆ. ಇಂದಿನ ತಾರೀಕು ನೋಡಿದೆಯಲ್ಲ. ಆ ಪುಸ್ತಕ ಮತ್ತೆ ತೆಗೆದಿದ್ದೇನೆ. ಅಡ್ಡಗೆರೆ ಎಳೆದ ಸಾಲಿನ ಪಕ್ಕ ಖಾಲಿ ಜಾಗವಿದೆ. ಅವಳ ರಕ್ತದ ಅಂಕಿ ಎಷ್ಟೆಂದು ನಾನು ಇಲ್ಲಿಯವರೆಗೂ ಕೇಳಿಲ್ಲ. ಅದನ್ನು ಕಳುಹಿಸು. ಒಂದು ಸಲವಾದರೂ ಅವಳ ಎರಡು ಕಾಗದಗಳು ಪಕ್ಕ ಪಕ್ಕ ಇರಲಿ.

— ಭಾವ


ಏಪ್ರಿಲ್ 16

ಭಾವಾ,

ಕೇಳಿದ್ದು ಕಳುಹಿಸಿದ್ದೇನೆ, ರಿಜಿಸ್ಟರಿನ ಪುಟದ ನಕಲು. ಮಸಿ ಮಾಸಿದೆ, ಆದ್ದರಿಂದ ಇಲ್ಲೂ ಬರೆಯುತ್ತೇನೆ.

ತಾರೀಕು: ಏಪ್ರಿಲ್ 14.
ಗೆರೆ: 5. ಅಂಕಿ: 5.8.
ಮರುಪರೀಕ್ಷೆ: ಮಾಡಿಲ್ಲ.
ಷರಾ: ಸ್ಕ್ಯಾನ್ ಸರಿ ಇದೆಯಂತೆ.

ಕೈಬರಹ ನನ್ನದೇ. ಅಂಟಿಸಿಕೊಳ್ಳಿ.

ಅಮ್ಮ ಇನ್ನೂ ಎರಡು ತಿಂಗಳು ಬಸ್ಸು ಹತ್ತುವಂತಿಲ್ಲ. ಹೊಲಿಗೆ ಯಂತ್ರ ತುಕ್ಕು ಹಿಡಿಯುತ್ತದೆ ಎಂದು ಬೆಳಿಗ್ಗೆಯಿಂದ ಒಂದೇ ಸಮನೆ ಗೊಣಗುತ್ತಿದ್ದಾಳೆ. ಎಣ್ಣೆ ನೀವೇ ಹಾಕಿ. ಸೂಜಿಯ ಹತ್ತಿರ ಎರಡು ಹನಿ, ಚಕ್ರಕ್ಕೆ ಮೂರು.

ನೀವು ಹಾಕಿದಿರಿ ಎಂದು ಅಮ್ಮ ಹೇಳಿದರೆ ನಾನು ನಂಬುವುದಿಲ್ಲ. ನೀವೇ ಬರೆದು ಕಳುಹಿಸಿ.

— ಬಾಮೈದ